ಹಳೇ ಕಾರಿನ ಎಂಜಿನ್ ಅತಿಯಾಗಿ ಕಾಯುತ್ತಿದ್ದರೆ: ಬಿಡಿಭಾಗ ಬದಲಿಸುವ ಮೊದಲು ನೋಡಬೇಕಾದದ್ದು

ಟೆಂಪರೇಚರ್ ಮುಳ್ಳು ಕೆಂಪಿನ ಕಡೆ ಹೊರಟಿತೆಂದರೆ ಸಾಮಾನ್ಯವಾಗಿ ಮೊದಲು ಬದಲಾಗುವುದು ಥರ್ಮೋಸ್ಟಾಟ್, ಅಂದರೆ ಎಂಜಿನ್ ಕಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್. ಅದರಿಂದ ಆಗಲಿಲ್ಲ ಅಂದರೆ ಆ ನೀರನ್ನು ತಣಿಸುವ ರೇಡಿಯೇಟರ್, ಅದಕ್ಕೂ ಬಗ್ಗದಿದ್ದರೆ ನೀರನ್ನು ಸುತ್ತಿಸುವ ವಾಟರ್ ಪಂಪ್. ನನ್ನ ಹಳೇ ಗಾಡಿಗೂ ಇದೇ ಕ್ರಮದಲ್ಲಿ ಚಿಕಿತ್ಸೆ ನಡೆಯಿತು. ಮೂರೂ ಹೊಸದಾದವು, ಆದರೂ ಏರು ರಸ್ತೆ ಬಂದಾಗ ಮುಳ್ಳು ಮೊದಲಿನಂತೆಯೇ ಮೇಲೇರುತ್ತಿತ್ತು. ಕೊನೆಗೆ ಸಿಕ್ಕ ಕಾರಣ ಒಂದು ಮೊಳವೂ ಇಲ್ಲದ ರಬ್ಬರ್ ಹೋಸು. ಅದನ್ನು ಹುಡುಕಲು ಬೇಕಾಗಿದ್ದು ಒಂದು ಟಾರ್ಚು ಮತ್ತು ಆಕ್ಸಿಲರೇಟರ್ ಒತ್ತಲು ಇನ್ನೊಬ್ಬರು, ಅಷ್ಟೇ. ಅಂದಿನಿಂದ ಯಾರದೇ ಗಾಡಿ ಕಾಯುತ್ತದೆ ಎಂದರೂ ನಾನು ಮೊದಲು ಕೇಳುವುದು "ಯಾವಾಗ ಕಾಯುತ್ತದೆ?" ಎಂದು. ನಿಂತಾಗಲೋ, ಓಡುವಾಗಲೋ, ಸ್ಟಾರ್ಟ್ ಮಾಡಿದ ಐದೇ ನಿಮಿಷಕ್ಕೋ? ಈ ಒಂದು ಉತ್ತರ ಸರಿಯಾಗಿ ಸಿಕ್ಕರೆ ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ರಸ್ತೆಯಲ್ಲೇ ಕಾದರೆ

ಮುಳ್ಳು ಏರತೊಡಗಿದ ಕೂಡಲೇ ಏಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಅದರ ಬ್ಲೋವರ್ ಜೋರಾಗಿಡಿ. ಒಳಗೆ ಕೂತವರಿಗೆ ಹಿಂಸೆ, ಆದರೆ ಹೀಟರ್ ಅಂದರೆ ಎರಡನೆಯ ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿಯನ್ನು ಒಂದಿಷ್ಟು ಹೊರಗೆಳೆಯುತ್ತದೆ. ಆಗಲೂ ಮುಳ್ಳು ಇಳಿಯದಿದ್ದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. "ಇನ್ನೆರಡೇ ಕಿಲೋಮೀಟರ್" ಎಂದು ಓಡಿಸಬೇಡಿ. ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ ಬಾಗುವುದಕ್ಕೆ ಆ ಎರಡು ಕಿಲೋಮೀಟರ್ ಸಾಕು.

ಬಿಸಿಯಿರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಕುದಿಯದೆ ಇರುವುದು ಒತ್ತಡದ ಬಲದಿಂದ. ಕ್ಯಾಪ್ ಸಡಿಲಿಸಿದ ಕ್ಷಣ ಒತ್ತಡ ಬೀಳುತ್ತದೆ, ನೀರಿನ ಒಂದು ಪಾಲು ಅಲ್ಲೇ ಆವಿಯಾಗುತ್ತದೆ, ಮತ್ತು ಆವಿಗೆ ನೀರಿಗಿಂತ 1,600 ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ನುಗ್ಗುವುದು ನಿಮ್ಮ ಮುಖಕ್ಕೇ. ಎಂಜಿನ್ನಿನಿಂದ ರೇಡಿಯೇಟರಿಗೆ ಬರುವ ಮೇಲಿನ ಹೋಸನ್ನು ಬಟ್ಟೆ ಸುತ್ತಿ ಅದುಮಿ ನೋಡಿ; ಗಟ್ಟಿಯಾಗಿದ್ದರೆ ಇನ್ನೂ ಒತ್ತಡವಿದೆ ಎಂದರ್ಥ. ಕನಿಷ್ಠ ಅರ್ಧ ಗಂಟೆಯಾದರೂ ಬಿಡಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ, ಬ್ಲಾಕ್ (ಸಿಲಿಂಡರುಗಳಿರುವ ಕೆಳಭಾಗ) ಇಲ್ಲವೇ ಹೆಡ್ ಬಿರುಕು ಬಿಡಬಹುದು.

ಮುಳ್ಳು ನಿಜ ಹೇಳುತ್ತಿದೆಯೇ?

ಹಳೇ ಗಾಡಿಗಳಲ್ಲಿ ಮೀಟರೇ ತಪ್ಪು ತೋರಿಸುವುದುಂಟು. ಹೆಡ್‌ಲೈಟ್ ಹಾಕಿದಾಗ ಮುಳ್ಳು ಸರಕ್ಕನೆ ಏರಿ, ಆಫ್ ಮಾಡಿದಾಗ ಇಳಿದರೆ ಅದು ಎಂಜಿನ್ನಿನ ಕಾವಲ್ಲ, ಅರ್ಥಿಂಗ್ ದೋಷ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಥರ್ಮೋಸ್ಟಾಟ್ ಕೂತಿರುವ ಗೂಡಿನ ಮೇಲೆ ಹಿಡಿದು ನೋಡಿ. ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ, ಹಾಗಾಗಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ. 85ರಿಂದ 100 ಡಿಗ್ರಿ ಒಳಗಿದ್ದರೆ ಗಾಬರಿ ಬೇಡ.

ಇದರ ತಿರುವುಮುರುವು ಹೆಚ್ಚು ಅಪಾಯದ್ದು. ಕೂಲಂಟ್ (ಎಂಜಿನ್ ತಣಿಸುವ ದ್ರವ, ನಾನು ನೀರು ಎನ್ನುತ್ತಿರುವುದೂ ಅದನ್ನೇ) ತೀರಾ ಇಳಿದಾಗ ಸೆನ್ಸರ್ ದ್ರವದಲ್ಲಿ ಮುಳುಗಿರುವುದಿಲ್ಲ, ಬರೀ ಗಾಳಿಯಲ್ಲಿರುತ್ತದೆ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಕೆಂಪಿನ ಹತ್ತಿರವಿದ್ದ ಮುಳ್ಳು ಯಾವ ಕಾರಣವೂ ಇಲ್ಲದೆ ತಟ್ಟನೆ ಇಳಿದರೆ ಸಮಾಧಾನಪಡದೆ ಗಾಡಿ ನಿಲ್ಲಿಸಿ.

ಯಾವಾಗ ಕಾಯುತ್ತದೆ?

ಸಿಗ್ನಲ್‌ನಲ್ಲಿ, ಟ್ರಾಫಿಕ್‌ನಲ್ಲಿ ನಿಂತಾಗ ಮುಳ್ಳು ಏರಿ, ಗಾಡಿ ಓಡತೊಡಗಿದಾಗ ಇಳಿದರೆ ನೀರಿನ ಕಡೆ ನೋಡಬೇಡಿ, ಗಾಳಿಯ ಕಡೆ ನೋಡಿ. ಓಡುವಾಗ ಎದುರುಗಾಳಿ ಮಾಡುವ ಕೆಲಸವನ್ನು ನಿಂತಾಗ ಫ್ಯಾನ್ ಮಾಡಬೇಕು, ಅದು ಮಾಡುತ್ತಿಲ್ಲ. ನಿಂತಾಗ ಸರಿಯಿದ್ದು ಹೈವೇಯಲ್ಲಿ, ಏರಿನಲ್ಲಿ, ತುಂಬಿದ ಗಾಡಿಯಲ್ಲಿ ಕಾದರೆ ರೇಡಿಯೇಟರ್ ಒಳಗೆ ಕಟ್ಟಿದೆ, ಇಲ್ಲವೇ ನೀರು ಸಾಕಷ್ಟು ವೇಗದಲ್ಲಿ ಸುತ್ತುತ್ತಿಲ್ಲ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಕಾದರೆ ಥರ್ಮೋಸ್ಟಾಟ್ ಮುಚ್ಚಿಯೇ ಉಳಿದಿದೆ, ಅಥವಾ ನೀರು ಕಡಿಮೆಯಿದೆ, ಅಥವಾ ಹೆಡ್ ಮತ್ತು ಬ್ಲಾಕ್ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಗಿದೆ. ಹೊತ್ತುಗೊತ್ತಿಲ್ಲದೆ ಮುಳ್ಳು ಮೇಲೆ ಕೆಳಗೆ ಆಡುತ್ತಿದ್ದರೆ ಮೊದಲ ಅನುಮಾನ ಒಳಗೆ ಸಿಕ್ಕಿಕೊಂಡ ಗಾಳಿಯ ಮೇಲೆ.

ಇನ್ನೊಂದು ಗುರುತು ಹೀಟರಿನದು. ಮುಳ್ಳು ಮೇಲಿದ್ದಾಗ ಹೀಟರ್ ಹಾಕಿದರೆ ಬಿಸಿಗಾಳಿ ಬರಬೇಕು. ತಣ್ಣನೆಯ ಗಾಳಿ ಬಂದರೆ ಅಲ್ಲಿಗೆ ಬಿಸಿನೀರು ತಲುಪುತ್ತಿಲ್ಲ: ನೀರು ಕಡಿಮೆ, ಏರ್ ಲಾಕ್ (ಸಿಕ್ಕಿಕೊಂಡ ಗಾಳಿಯ ತಡೆ), ಅಥವಾ ಪಂಪ್ ತಳ್ಳುತ್ತಿಲ್ಲ.

ನೀರಿನ ಮಟ್ಟ, ಆಮೇಲೆ ಕ್ಯಾಪ್

ಎಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆದು ಒಳಗೆ ನೋಡಿ. ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಗೆರೆಯವರೆಗೆ ನೀರಿದ್ದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಎಂದುಕೊಳ್ಳಬಾರದು. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿಯಿದ್ದರೆ ದೋಷ ಕ್ಯಾಪಿನಲ್ಲೋ, ಬಾಟಲಿಗೆ ಹೋಗುವ ಸಣ್ಣ ಟ್ಯೂಬಿನಲ್ಲೋ ಇದೆ.

ಈ ಕ್ಯಾಪಿಗೆ ಸಿಗಬೇಕಾದ ಮರ್ಯಾದೆ ಸಿಗುವುದಿಲ್ಲ ಎಂಬ ಕೊರಗು ನನಗಿದೆ. ಅದು ಬರೀ ಮುಚ್ಚಳವಲ್ಲ, ಎರಡು ವಾಲ್ವ್ ಇರುವ ಬಿಡಿಭಾಗ. ದೊಡ್ಡ ಸ್ಪ್ರಿಂಗಿನ ವಾಲ್ವ್ ಒತ್ತಡವನ್ನು ಹಿಡಿದಿಡುತ್ತದೆ; ನಡುವಿನ ಪುಟ್ಟ ವಾಲ್ವ್ ಎಂಜಿನ್ ತಣಿಯುವಾಗ ಬಾಟಲಿಯ ನೀರನ್ನು ವಾಪಸ್ ಒಳಗೆ ಬಿಡುತ್ತದೆ. ಕ್ಯಾಪಿನ ಮೇಲೆ 0.9 ಎಂದೋ 1.1 ಎಂದೋ ಅಚ್ಚಾಗಿರುವುದು ಆ ಒತ್ತಡ, ಬಾರ್ ಲೆಕ್ಕದಲ್ಲಿ. 0.9 ಬಾರ್ ಹಿಡಿದರೆ ಬರೀ ನೀರೂ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತರೆ 100ಕ್ಕೇ ಕುದಿಯುತ್ತದೆ, ಆವಿಯ ಗುಳ್ಳೆಗಳು ಹೆಡ್ಡಿನೊಳಗೆ ತುಂಬಿಕೊಂಡು ಲೋಹಕ್ಕೆ ನೀರು ತಾಗದಂತಾಗುತ್ತದೆ. ಉಳಿದದ್ದೆಲ್ಲ ಸರಿಯಿದ್ದೂ ಗಾಡಿ ಕುದಿಯುವುದಕ್ಕೆ ಇದೊಂದೇ ಸಾಕು.

ಕ್ಯಾಪಿನ ರಬ್ಬರ್ ವಾಷರ್ ಬಿರಿದಿದೆಯೇ, ಅದು ಕೂರುವ ಕಂಠದ ಅಂಚು ನಯವಾಗಿದೆಯೇ ನೋಡಿ. ನಡುವಿನ ಪುಟ್ಟ ವಾಲ್ವನ್ನು ಉಗುರಿನಿಂದ ಎಳೆದು ಬಿಟ್ಟರೆ ಟಪ್ಪನೆ ವಾಪಸ್ ಕೂರಬೇಕು. ಗಾಡಿ ತಣಿದಾಗ ಮೇಲಿನ ಹೋಸು ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಈ ವಾಲ್ವ್ ತೆರೆಯುತ್ತಿಲ್ಲ ಎಂದೇ ಲೆಕ್ಕ. ಹೊಸದು ಹಾಕುವಾಗ ಅದೇ ಸಂಖ್ಯೆಯದನ್ನೇ ಹಾಕಿ. ಹೆಚ್ಚಿನ ಒತ್ತಡದ್ದು ಒಳ್ಳೆಯದೆಂದು ಹಾಕಿದರೆ ಹಳೇ ಹೋಸು, ಹೀಟರ್ ಕೋರ್ (ಹೀಟರಿನ ಆ ಪುಟ್ಟ ರೇಡಿಯೇಟರ್) ಸೀಳಬಹುದು.

ನೀರು ದಿನದಿನಕ್ಕೂ ಇಳಿಯುತ್ತಿದ್ದು ನೆಲದ ಮೇಲೆ ಹನಿ ಕಾಣದಿದ್ದರೆ ಪ್ರೆಷರ್ ಟೆಸ್ಟರ್ ಎಂಬ ಕೈಪಂಪನ್ನು ಕ್ಯಾಪಿನ ಜಾಗಕ್ಕೆ ಸಿಕ್ಕಿಸಿ, ಕ್ಯಾಪಿನ ಮೇಲಿರುವಷ್ಟೇ ಒತ್ತಡ ಕೊಟ್ಟು ಹತ್ತು ನಿಮಿಷ ಬಿಡಿ. ಟೆಸ್ಟರಿನ ಮುಳ್ಳು ಇಳಿಯಿತೆಂದರೆ ಎಲ್ಲೋ ಸೋರುತ್ತಿದೆ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಹೋಸಿನ ಕ್ಲಿಪ್ಪುಗಳು, ಬ್ಲಾಕಿನ ತುಕ್ಕು ಹಿಡಿದ ಪ್ಲಗ್ಗುಗಳು, ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಎಲ್ಲವನ್ನೂ ಮುಟ್ಟಿ ನೋಡಿ. ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರ್ ತೂತಾಗಿದೆ. ಸೋರಿಕೆ ನಿಲ್ಲಿಸುವ ಪುಡಿ, ದ್ರವಗಳನ್ನು ನಾನು ಹಾಕುವುದಿಲ್ಲ. ಅವು ತೂತನ್ನಷ್ಟೇ ಅಲ್ಲ, ರೇಡಿಯೇಟರಿನ ಸಣ್ಣ ನಾಳಗಳನ್ನೂ ಮುಚ್ಚುತ್ತವೆ.

ಫ್ಯಾನ್

ಎಲೆಕ್ಟ್ರಿಕ್ ಫ್ಯಾನ್ ಎಂಜಿನ್ ಆಫ್ ಆಗಿದ್ದರೂ ತಾನಾಗಿ ತಿರುಗಬಹುದು, ಬೆರಳು ದೂರವಿರಲಿ. ಮೊದಲು ಏಸಿ ಹಾಕಿ ನೋಡಿ. ಬಹಳಷ್ಟು ಗಾಡಿಗಳಲ್ಲಿ ಏಸಿ ಹಾಕಿದೊಡನೆ ಫ್ಯಾನ್ ತಿರುಗುತ್ತದೆ. ಆಗ ತಿರುಗಿ, ಎಂಜಿನ್ ಕಾದಾಗ ತಿರುಗದಿದ್ದರೆ ಮೋಟರ್ ಚೆನ್ನಾಗಿದೆ, ದೋಷ ರೇಡಿಯೇಟರಿನಲ್ಲಿರುವ ಥರ್ಮೋ ಸ್ವಿಚ್ಚಿನದು. ಎರಡು ತಂತಿಯ ಹಳೇ ಸ್ವಿಚ್ ಆದರೆ ಕನೆಕ್ಟರ್ ಬಿಚ್ಚಿ, ಆ ಎರಡು ತಂತಿಗಳನ್ನು ತುಂಡು ವೈರಿನಿಂದ ಸೇರಿಸಿ, ಇಗ್ನಿಷನ್ ಆನ್ ಮಾಡಿ. ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ. ತಿರುಗದಿದ್ದರೆ ಫ್ಯೂಸ್, ರಿಲೇ, ಅರ್ಥ್ ತಂತಿ, ಕೊನೆಗೆ ಮೋಟರ್.

ಫ್ಯಾನ್ ತಿರುಗಿದರಷ್ಟೇ ಸಾಲದು, ಸರಿಯಾದ ದಿಕ್ಕಿಗೆ ತಿರುಗಬೇಕು. ಮೋಟರ್ ಬದಲಿಸುವಾಗ ತಂತಿ ಅದಲುಬದಲಾದರೆ ಅದು ಎದುರುಗಾಳಿಯನ್ನೇ ಹಿಂದಕ್ಕೆ ನೂಕುತ್ತದೆ. ಮುಂಭಾಗದ ಗ್ರಿಲ್ ಎದುರು ಒಂದು ಹಾಳೆ ಹಿಡಿಯಿರಿ, ಅದು ಗ್ರಿಲ್‌ಗೆ ಅಂಟಿ ನಿಂತರೆ ಸರಿ. ಬೆಲ್ಟಿನಿಂದ ತಿರುಗುವ, ವಿಸ್ಕಸ್ ಕ್ಲಚ್ಚಿನ (ಬಿಸಿಯಾದಾಗ ಒಳಗಿನ ದ್ರವದ ಬಲದಿಂದ ಹಿಡಿದುಕೊಳ್ಳುವ ಜೋಡಣೆಯ) ಫ್ಯಾನ್ ಇದ್ದರೆ ಬಿಸಿ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಕೈಯಿಂದ ತಿರುಗಿಸಿ. ತಡೆ ಇರಬೇಕು. ಬಿಸಿಯಲ್ಲೂ ಹಗುರವಾಗಿ ಗಿರ್ರನೆ ಸುತ್ತಿದರೆ ಅದರೊಳಗಿನ ಸಿಲಿಕೋನ್ ದ್ರವ ಸೋರಿಹೋಗಿದೆ. ಫ್ಯಾನಿನ ಸುತ್ತಲ ಪ್ಲಾಸ್ಟಿಕ್ ಕವಚವನ್ನು ಯಾರೋ ಬಿಚ್ಚಿ ಎಸೆದಿದ್ದರೆ ಅದನ್ನೂ ಹುಡುಕಿ ವಾಪಸ್ ಹಾಕಿ. ಅದಿಲ್ಲದ ಫ್ಯಾನ್ ಪಕ್ಕದ ಗಾಳಿಯನ್ನೇ ಸುತ್ತಿಸುತ್ತದೆ, ರೇಡಿಯೇಟರ್ ಮೂಲಕ ಎಳೆಯುವುದಿಲ್ಲ.

ಕೆಳಗಿನ ಹೋಸು

ನನ್ನ ಗಾಡಿಯ ವಿಷಯಕ್ಕೆ ಬರುತ್ತೇನೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಾ, ಎಷ್ಟು ಹೊತ್ತು ನಿಂತರೂ ಮುಳ್ಳು ಅರ್ಧಕ್ಕಿಂತ ಮೇಲೆ ಹೋಗುತ್ತಿರಲಿಲ್ಲ, ಫ್ಯಾನ್ ಹೊತ್ತಿಗೆ ಸರಿಯಾಗಿ ಬಂದು ಹೋಗುತ್ತಿತ್ತು. ಏರಿನಲ್ಲಿ ಮೂರನೇ ಗೇರಿನಲ್ಲಿ ಜಗ್ಗುವಾಗ ಮಾತ್ರ ಕಾಯುತ್ತಿತ್ತು. ಗಾಡಿ ಬಿಟ್ಟಿದ್ದ ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿದ್ದೆಲ್ಲ ಐಡಲ್‌ನಲ್ಲಿಯೇ, ಹಾಗಾಗಿ ಅವರಿಗೆ ಅದು ಒಮ್ಮೆಯೂ ಕಾಣಲಿಲ್ಲ.

ಮೇಲಿನ ಹೋಸಿನಲ್ಲಿ ಎಂಜಿನ್ನಿನಿಂದ ಬರುವ ಬಿಸಿನೀರು ಒತ್ತಡದಲ್ಲಿ ಹರಿಯುತ್ತದೆ. ಕೆಳಗಿನದರಲ್ಲಿ ಪಂಪ್ ನೀರನ್ನು ಎಳೆದುಕೊಳ್ಳುತ್ತದೆ, ಹೀರುವ ಕಡೆ ಅದು. ಎಂಜಿನ್ ವೇಗ ಹೆಚ್ಚಿದಷ್ಟೂ ಎಳೆತ ಹೆಚ್ಚು. ಆ ಎಳೆತಕ್ಕೆ ಹೋಸು ಕುಸಿಯಬಾರದೆಂದು ಹಲವು ಗಾಡಿಗಳಲ್ಲಿ ಅದರೊಳಗೆ ತಂತಿಯ ಸುರುಳಿ ಇಟ್ಟಿರುತ್ತಾರೆ. ನಾನು ಬಾನೆಟ್ ಎತ್ತಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಟಾರ್ಚನ್ನು ಆ ಹೋಸಿನ ಮೇಲೇ ಬಿಟ್ಟುಕೊಂಡು ನಿಂತೆ. ಒಳಗೆ ಕೂತವರು ಆಕ್ಸಿಲರೇಟರನ್ನು ನಿಧಾನವಾಗಿ ಒತ್ತಿದರು. 2,000 ಆರ್‌ಪಿಎಂವರೆಗೆ ಏನೂ ಇಲ್ಲ. 3,000 ದಾಟುತ್ತಿದ್ದಂತೆ ಹೋಸಿನ ಬಾಗಿದ ಜಾಗದಲ್ಲಿ ಒಂದು ಗುಳಿ ಬಿತ್ತು, ನೋಡುನೋಡುತ್ತಲೇ ಎರಡೂ ಬದಿ ಬತ್ತಿದ ಕೆನ್ನೆಯ ಹಾಗೆ ಒಳಗೆ ಸೇದಿಕೊಂಡು ಒಂದಕ್ಕೊಂದು ಅಂಟಿದವು. ಪೆಡಲ್ ಬಿಟ್ಟಾಗ ಪುಸಕ್ಕನೆ ಉಬ್ಬಿ ಮೊದಲಿನಂತಾಯಿತು. ಬಿಚ್ಚಿ ಉದ್ದಕ್ಕೆ ಸೀಳಿ ನೋಡಿದರೆ ಸುರುಳಿಯ ಬದಲು ಒಳಗೋಡೆಗೆ ಕಂದು ಪುಡಿ ಮತ್ತು ಎರಡು ತುಂಡು ತಂತಿ ಅಂಟಿಕೊಂಡಿದ್ದವು. ಹಿಂದೆ ಯಾವಾಗಲೋ ಬರೀ ನೀರು ತುಂಬಿ ಓಡಿಸಿದ್ದರ ಫಲ ಅದು.

ಹೋಸು ಕುಸಿದದ್ದು ಕಂಡರೂ ರೇಡಿಯೇಟರ್ ಕಟ್ಟಿದೆಯೇ ಎಂದು ಒಮ್ಮೆ ನೋಡಿ. ನೀರು ಬರುವ ದಾರಿ ಮುಚ್ಚಿದ್ದರೆ ಚೆನ್ನಾಗಿರುವ ಹೋಸನ್ನೂ ಪಂಪ್ ಹೀರಿ ಚಪ್ಪಟೆ ಮಾಡಬಲ್ಲದು.

ಥರ್ಮೋಸ್ಟಾಟ್

ಇದರ ಪರೀಕ್ಷೆ ಸುಲಭ. ಬಿಚ್ಚಿ, ದಾರಕ್ಕೆ ಕಟ್ಟಿ, ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ 82 ಅಥವಾ 88 ಎಂದು ಅಚ್ಚಾಗಿದ್ದರೆ ಆ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಿ, ನೀರು ಕುದಿಯುವಷ್ಟರಲ್ಲಿ ಚೆನ್ನಾಗಿ ತೆರೆದಿರಬೇಕು. ಒಲೆಯಿಂದ ಇಳಿಸಿದಾಗ ಪೂರ್ತಿ ಮುಚ್ಚಿಕೊಳ್ಳಬೇಕು. ವಾಪಸ್ ಕೂರಿಸುವಾಗ ಮೇಣ ತುಂಬಿದ ಉರುಟು ಭಾಗ ಎಂಜಿನ್ ಕಡೆಗಿರಲಿ, ಅಲುಗಾಡುವ ಸಣ್ಣ ಪಿನ್ ಇದ್ದರೆ ಅದು ಮೇಲಕ್ಕಿರಲಿ. ಗಾಳಿ ಹೊರಹೋಗುವುದು ಆ ಪಿನ್ನಿನ ತೂತಿನಿಂದಲೇ.

"ಥರ್ಮೋಸ್ಟಾಟ್ ತೆಗೆದುಹಾಕಿ, ಗಾಡಿ ತಣ್ಣಗಿರುತ್ತದೆ" ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. ದಯವಿಟ್ಟು ಕೇಳಬೇಡಿ. ಅನೇಕ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ಅದರ ಹಿಂಬದಿಯ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ತೆಗೆದುಬಿಟ್ಟರೆ ಬೈಪಾಸ್ ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಚಳಿಯಲ್ಲಿ ಎಂಜಿನ್ ಕಾಯುವುದೇ ಇಲ್ಲ, ಬೇಸಿಗೆಯಲ್ಲಿ ಅದೇ ಗಾಡಿ ಕುದಿಯಬಹುದು. ತಣ್ಣಗಿನ ಎಂಜಿನ್ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆಯುವುದೂ ಬೇಗ.

ರೇಡಿಯೇಟರ್ ಮತ್ತು ಪಂಪ್

ಹೊರಗಿನಿಂದ ನೋಡುವಾಗ ಮುಂದಿರುವ ಏಸಿ ಕಂಡೆನ್ಸರ್ (ಏಸಿಯ ಬಿಸಿ ಹೊರಹಾಕುವ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಹಾಕಿ. ಧೂಳು, ಹುಳ, ಒಣ ಎಲೆ ಸೇರಿ ಕಂಬಳಿ ಹೊದಿಸಿದಂತೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲನೆ ನೀರು ಬಿಟ್ಟು ತೊಳೆಯಿರಿ. ಜೋರು ಒತ್ತಡ ಬೇಡ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಒಳಗೆ ಕಟ್ಟಿದೆಯೇ ಎಂದು ತಿಳಿಯಲು ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಫ್ಯಾನ್ ಕನೆಕ್ಟರ್ ಬಿಚ್ಚಿ, ರೇಡಿಯೇಟರ್ ಮೇಲೆ ಥರ್ಮಾಮೀಟರಿನಿಂದ ಸಾಲುಸಾಲಾಗಿ ಅಳೆಯಿರಿ. ನೀರು ಬರುವ ಕಡೆಯಿಂದ ಹೋಗುವ ಕಡೆಗೆ ಕಾವು ಹಂತಹಂತವಾಗಿ ಇಳಿಯಬೇಕು. ನಡುವೆ ಎಲ್ಲಾದರೂ ತಣ್ಣನೆಯ ಪಟ್ಟಿ ಸಿಕ್ಕರೆ ಅಲ್ಲಿನ ನಾಳಗಳಲ್ಲಿ ನೀರು ಹರಿಯುತ್ತಿಲ್ಲ. ಥರ್ಮೋಸ್ಟಾಟ್ ತೆರೆದಿದ್ದೂ ಮೇಲಿನ ಹೋಸು ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಹರಿವು ಕಡಿಮೆ. ಎರಡೂ ಒಂದೇ ಸಮ ಸುಡುತ್ತಿದ್ದರೆ ನೀರು ಹರಿಯುತ್ತಿದೆ, ಗಾಳಿ ಸಾಲುತ್ತಿಲ್ಲ. ಹೀಗೆ ಕಟ್ಟಿಕೊಳ್ಳುವುದಕ್ಕೆ ಹೆಚ್ಚಿನ ಸಲ ಗಡಸು ನೀರೇ ಕಾರಣ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಸುಣ್ಣವೇ ಎಂಜಿನ್ನಿನ ಒಳಗೂ ಕೂರುತ್ತದೆ.

ಪಂಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಳಗಿನ ತೂತಿನಿಂದ ಹನಿಯುತ್ತಿದ್ದರೆ ಸೀಲ್ ಹೋಗಿದೆ. ಪುಲ್ಲಿ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್ ಹೋಗಿದೆ. ಹೊರಗಿನಿಂದ ಚೆನ್ನಾಗಿ ಕಾಣುವ ಪಂಪಿನಲ್ಲೂ ಒಳಗಿನ ರೆಕ್ಕೆಗಳು ತುಕ್ಕಿಗೆ ಕರಗಿಹೋಗಿರುವುದುಂಟು. ಬೆಲ್ಟ್ ಸಡಿಲವಿಲ್ಲವೆಂದು ಮೊದಲೇ ನೋಡಿಕೊಳ್ಳಿ.

ಹೆಡ್ ಗ್ಯಾಸ್ಕೆಟ್

ಇದು ಎಲ್ಲರೂ ಹೆದರುವ ಜಾಗ, ಹಾಗಾಗಿ ಪುರಾವೆಯಿಲ್ಲದೆ ಇದನ್ನು ಒಪ್ಪಬೇಡಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸು ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಗ್ಯಾಸ್ ನೀರಿನೊಳಗೆ ನುಗ್ಗುತ್ತಿದೆ. ಅಷ್ಟು ಬೇಗ ಬರೀ ಕಾವಿನಿಂದ ಒತ್ತಡ ಏರುವುದಿಲ್ಲ. ಕ್ಯಾಪ್ ತೆರೆದಿಟ್ಟು ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ ಅದೂ ಇದೇ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ಬರುವುದು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಬಿಳುಪಾಗಿ ಕದಡಿದಂತೆ ಕಾಣುವುದು ಉಳಿದ ಗುರುತುಗಳು. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಮಾತ್ರ ತುಸು ಕೆನೆಬಣ್ಣದ ನೊರೆ ಇದ್ದರೆ ತೀರ್ಪು ಕೊಡಬೇಡಿ, ಬರೀ ಸಣ್ಣ ಓಡಾಟದ ಗಾಡಿಯಲ್ಲಿ ತೇವಾಂಶದಿಂದಲೂ ಅದು ಬರುತ್ತದೆ.

ಖಚಿತಪಡಿಸಿಕೊಳ್ಳಲು ನೀಲಿ ದ್ರವದ ಪರೀಕ್ಷೆಯಿದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆದಾಗ ಕಾರ್ಬನ್ ಡೈಆಕ್ಸೈಡ್ ಇದ್ದರೆ ಬಣ್ಣ ಹಳದಿಗೆ ತಿರುಗುತ್ತದೆ. ಗ್ಯಾಸ್ಕೆಟ್ ಬದಲಿಸುವುದಾದರೆ ಹೆಡ್ಡಿನ ಮೇಲ್ಮೈ ಬಾಗಿದೆಯೇ ಎಂದು ನೇರ ಪಟ್ಟಿ ಮತ್ತು ಸಂದಿ ಅಳೆಯುವ ಫೀಲರ್ ಗೇಜ್ ಇಟ್ಟು ಅಳೆಯಿಸಲೇಬೇಕು. ಅಳೆಯದೆ ಹಾಕಿದ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಕಾಯುತ್ತಿದ್ದರೆ ನೀರಿನ ವ್ಯವಸ್ಥೆಯಿಂದ ಹೊರಗೆ ಬನ್ನಿ. ಇಗ್ನಿಷನ್ ಟೈಮಿಂಗ್ ಹಿಂದೆ ಸರಿದಿರಬಹುದು, ಕಾರ್ಬ್ಯುರೇಟರ್ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಿರಬಹುದು, ಬ್ರೇಕ್ ಹಿಡಿದುಕೊಂಡಿರಬಹುದು, ಸೈಲೆನ್ಸರ್ ಒಳಗೆ ಕಟ್ಟಿರಬಹುದು.

ತುಂಬಿಸುವುದು

ದುರಸ್ತಿ ಸರಿಯಾಗಿದ್ದೂ ತುಂಬಿಸುವಾಗ ಕೆಡುವುದು ಬಹಳ. ಡಿಸ್ಟಿಲ್ಡ್ ನೀರು ಮತ್ತು ಎಥಿಲೀನ್ ಗ್ಲೈಕಾಲ್ ಕೂಲಂಟ್ ಅರ್ಧರ್ಧ ಬೆರೆಸಿದರೆ ತೆರೆದ ಪಾತ್ರೆಯಲ್ಲೇ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ಒತ್ತಡದಲ್ಲಿ ಇನ್ನೂ ಮೇಲೆ, ತುಕ್ಕೂ ಹಿಡಿಯುವುದಿಲ್ಲ. ಹೆಚ್ಚು ಕೂಲಂಟ್ ಸುರಿದರೆ ಹೆಚ್ಚು ತಂಪು ಎಂದುಕೊಳ್ಳಬೇಡಿ, ಬಿಸಿ ಹೊತ್ತೊಯ್ಯುವುದರಲ್ಲಿ ನೀರೇ ಮುಂದು. ಬಣ್ಣ ನೋಡಿ ಬೆರೆಸುವುದೂ ತಪ್ಪು. ಬೇರೆ ಬೇರೆ ಜಾತಿಯ ಕೂಲಂಟ್ ಸೇರಿ ಗಸಿ ಕಟ್ಟಬಹುದು. ಹಳೇ ಕೂಲಂಟನ್ನು ನೆಲಕ್ಕೆ ಚೆಲ್ಲಬೇಡಿ: ಅದು ಸಿಹಿಯಾಗಿರುತ್ತದೆ, ವಿಷ, ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಗಾಡಿಯ ಮೂತಿ ತುಸು ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ನಿಧಾನವಾಗಿ ಸುರಿಯಿರಿ. ಸ್ಕ್ರೂ ಬಾಯಿಂದ ಗುಳ್ಳೆಯಿಲ್ಲದ ಧಾರೆ ಬಂದಾಗ ಮುಚ್ಚಿ. ಕ್ಯಾಪ್ ಹಾಕದೆ ಐಡಲ್‌ನಲ್ಲಿ ಓಡಿಸಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಗುಳುಕ್ಕನೆ ಇಳಿಯುತ್ತದೆ, ಮತ್ತೆ ತುಂಬಿಸಿ, ಆಗ ಕ್ಯಾಪ್ ಹಾಕಿ. ಮೇಲಿನ ಹೋಸನ್ನು ನಾಲ್ಕಾರು ಸಲ ಅದುಮಿದರೆ ಉಳಿದ ಗಾಳಿಯೂ ಏಳುತ್ತದೆ. ಆಮೇಲೆ ಫ್ಯಾನ್ ಎರಡು ಸಲ ಬಂದು ಎರಡು ಸಲ ನಿಲ್ಲುವವರೆಗೆ ಗಾಡಿಯ ಹತ್ತಿರದಿಂದ ಏಳಬೇಡಿ.

ಹೊಸ ಹೋಸು ಹಾಕಿದ ದಿನ ಅದೇ ಏರನ್ನು ಮೂರು ಸಲ ಹತ್ತಿಸಿದೆ, ಮುಳ್ಳು ಅರ್ಧ ದಾಟಲಿಲ್ಲ. ಮರುದಿನ ಬೆಳಿಗ್ಗೆ ಬಾಟಲಿಯಲ್ಲಿ ಮಟ್ಟ ಬೆರಳಗಲ ಇಳಿದಿತ್ತು, ಒಳಗೆ ಉಳಿದಿದ್ದ ಗಾಳಿ ಹೊರಬಿದ್ದು ನೀರು ಅದರ ಜಾಗಕ್ಕೆ ಹೋಗಿತ್ತು. ಗೆರೆಯವರೆಗೆ ತುಂಬಿಸಿದೆ. ಮೂರನೇ ದಿನ ನೋಡಿದಾಗ ಗೆರೆಯಲ್ಲೇ ನಿಂತಿತ್ತು.